ಕುಂಡದ ಮೇಲಿನ ಎರಡು ಇಂಚು

ಟೀವಿಯ ಮುಂದೆ, ಓದುವ ದೀಪದ ಸುತ್ತ, ಕಾಫಿ ಲೋಟದ ಅಂಚಿನಲ್ಲಿ ಸುಳಿದಾಡುವ ಆ ಸಣ್ಣ ಕಪ್ಪು ನೊಣವನ್ನು ಚಪ್ಪಾಳೆ ತಟ್ಟಿ ಕೊಂದು ಪ್ರಯೋಜನವಿಲ್ಲ. ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಮೂಲೆಯ ಮನಿ ಪ್ಲಾಂಟಿನ ಬುಡದಲ್ಲಿ ಮೊಟ್ಟೆ ಇಟ್ಟು ಮುಗಿಸಿರುವ ಸಾಧ್ಯತೆಯೇ ಹೆಚ್ಚು. ಸೊಳ್ಳೆಬತ್ತಿ ಹಚ್ಚಿ, ಸ್ಪ್ರೇ ಹೊಡೆದು, ಸೊಳ್ಳೆ ಬ್ಯಾಟು ಬೀಸಿ ದಣಿದವರು ನಮ್ಮಲ್ಲಿ ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಕಡೆಗೆ ಗಿಡಗಳನ್ನೇ ಬಾಲ್ಕನಿಯ ಆಚೆಗೆ ತಳ್ಳಿಬಿಡುತ್ತಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಈ ಕೀಟದ ಬದುಕು ನಡೆಯುವುದು ಕುಂಡದ ಮೇಲ್ಭಾಗದ ಎರಡು ಮೂರು ಇಂಚು ಮಣ್ಣಿನಲ್ಲಿ. ನಮ್ಮ ಕೆಲಸವಿರುವುದೂ ಅಲ್ಲೇ.

ಮೊದಲು ಯಾವ ನೊಣ ಎಂದು ಗುರುತಿಸಬೇಕು. ಮಳೆಗಾಲದ ಮನೆಯಲ್ಲಿ ಮೂರು ಬಗೆಯ ಸಣ್ಣ ನೊಣಗಳು ಒಟ್ಟಿಗೇ ಇರುತ್ತವೆ, ಮೂರಕ್ಕೂ ಮದ್ದು ಬೇರೆ. ಬಾಳೆಹಣ್ಣಿನ ಬುಟ್ಟಿಯ ಮೇಲೆ ಸುತ್ತುವ, ಕೆಂಪು ಕಣ್ಣಿನ, ಕಂದು ಬಣ್ಣದ, ತುಸು ದುಂಡಗಿನದು ಹಣ್ಣಿನ ನೊಣ. ಬಚ್ಚಲಿನ ಗೋಡೆಗೆ ಅಂಟಿಕೊಂಡು ಕೂರುವ, ರೋಮ ತುಂಬಿದ ರೆಕ್ಕೆಯ, ಪುಟಾಣಿ ಪತಂಗದಂತೆ ಕಾಣುವುದು ಮೋರಿಯ ನೊಣ. ಇವೆರಡೂ ಅಲ್ಲದೆ, ಸೊಳ್ಳೆಯ ಹಾಗೆ ಉದ್ದ ಕಾಲು, ಉದ್ದ ಮೀಸೆ ಇದ್ದೂ ಎರಡು ಮೂರು ಮಿಲಿಮೀಟರ್ ಮೀರದ, ಕುಂಡವನ್ನು ಅಲುಗಿಸಿದಾಗ ಅಥವಾ ನೀರು ಹಾಕಿದಾಗ ಮಣ್ಣಿನಿಂದ ಮೇಲೆದ್ದು ಸೋತವರಂತೆ ತೂರಾಡುತ್ತ ಹಾರುವುದೇ ಫಂಗಸ್ ನ್ಯಾಟ್. ಹಳೆಯ ಕನ್ನಡದ ನೊರಜು ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಭೂತಗನ್ನಡಿ ಇದ್ದರೆ ರೆಕ್ಕೆಯನ್ನು ನೋಡಿ. ನಡುವೆ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ನರ ಕಾಣುತ್ತದೆ. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಮನೆಯಲ್ಲಿ ಮಗುವಿದೆಯೆಂದು ಗಾಬರಿಯಾಗುವವರು ಇಷ್ಟು ಧೈರ್ಯ ತಂದುಕೊಳ್ಳಬಹುದು.

ಅನುಮಾನ ಉಳಿದರೆ ಹಸಿ ಆಲೂಗಡ್ಡೆಯ ಒಂದು ಬಿಲ್ಲೆ ಕತ್ತರಿಸಿ, ಕತ್ತರಿಸಿದ ಮುಖ ಕೆಳಗಾಗಿ ಮಣ್ಣಿನ ಮೇಲೆ ಒತ್ತಿಡಿ. ಎರಡು ಮೂರು ದಿನ ಬಿಟ್ಟು ತಿರುವಿ ನೋಡಿದರೆ, ಗಾಜಿನಂತೆ ಪಾರದರ್ಶಕವಾದ ಮೈಯ, ಹೊಳೆಯುವ ಕರಿ ತಲೆಯ ಹುಳುಗಳು ಅಂಟಿಕೊಂಡಿರುತ್ತವೆ. ಪೂರ್ತಿ ಬೆಳೆದದ್ದು ಐದಾರು ಮಿಲಿಮೀಟರ್ ಉದ್ದ. ಯಾವ ಕುಂಡದಲ್ಲಿ ಹುಳು ಹೆಚ್ಚು, ಯಾವುದರಲ್ಲಿ ಇಲ್ಲವೇ ಇಲ್ಲ ಎಂಬುದೂ ಈ ಪರೀಕ್ಷೆಯಿಂದ ತಿಳಿಯುತ್ತದೆ. ಇಪ್ಪತ್ತು ಕುಂಡಗಳಿರುವ ಮನೆಯಲ್ಲಿ ಈ ತಿಳಿವಳಿಕೆ ಅರ್ಧ ಶ್ರಮ ಉಳಿಸುತ್ತದೆ.

ಮನೆಗಿಡಗಳಲ್ಲಿ ಕಾಣುವವು ಮುಖ್ಯವಾಗಿ ಬ್ರಾಡಿಸಿಯಾ ಎಂಬ ಕುಲಕ್ಕೆ ಸೇರಿದವು. ಸುಮಾರು 24 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆ ಒಡೆಯಲು ಮೂರು ದಿನ, ಹುಳು ಬೆಳೆಯಲು ಹತ್ತು ದಿನ, ಕೋಶಾವಸ್ಥೆಗೆ ನಾಲ್ಕು ದಿನ: ಹೆಚ್ಚುಕಡಿಮೆ 17 ದಿನದಲ್ಲಿ ಒಂದು ಪೀಳಿಗೆ ಮುಗಿದು ಇನ್ನೊಂದು ಹಾರಲು ಸಿದ್ಧ. ಚಳಿ ಇದ್ದರೆ ಮೂರು ನಾಲ್ಕು ವಾರ ಹಿಡಿಯುತ್ತದೆ. ರೆಕ್ಕೆ ಬಂದ ನೊಣ ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟರಲ್ಲೇ ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಇಪ್ಪತ್ನಾಲ್ಕು ಡಿಗ್ರಿ ಎಂದರೆ ಜುಲೈ, ಆಗಸ್ಟ್ ತಿಂಗಳ ಬೆಂಗಳೂರಿನ ನಡುಮನೆ. ಕೀಟಕ್ಕೆ ಇದಕ್ಕಿಂತ ಹಿತವಾದ ಜಾಗ ಬೇಕಿಲ್ಲ.

ಈ ಕೀಟದ ಬಗ್ಗೆ ಮನೆಯವರಿಗೆ ಸಿಟ್ಟಿದ್ದರೂ ತಳಿವಿಜ್ಞಾನಿಗಳಿಗೆ ಗೌರವವಿದೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಇದೇ ಬಳಗದ ಒಂದು ಪ್ರಭೇದದಲ್ಲಿ ಒಂದು ತಾಯಿ ಹೆಣ್ಣುಮಕ್ಕಳನ್ನು ಮಾತ್ರ ಹೆರುತ್ತದೆ, ಮತ್ತೊಂದು ತಾಯಿ ಗಂಡುಮಕ್ಕಳನ್ನು ಮಾತ್ರ. ಗಂಡು ತನ್ನ ತಂದೆಯಿಂದ ಬಂದ ವರ್ಣತಂತುಗಳನ್ನು ಕೈಬಿಟ್ಟು, ತಾಯಿಯಿಂದ ಬಂದವನ್ನಷ್ಟೇ ಮುಂದಿನ ಪೀಳಿಗೆಗೆ ದಾಟಿಸುತ್ತದೆ. ವರ್ಣತಂತು ತಾನು ಯಾರಿಂದ ಬಂದೆನೆಂದು ನೆನಪಿಟ್ಟುಕೊಂಡಂತೆ ವರ್ತಿಸುವ ಈ ವಿದ್ಯಮಾನವನ್ನು ಹೆಲೆನ್ ಕ್ರೌಸ್ ಎಂಬ ವಿಜ್ಞಾನಿ 1960ರಲ್ಲಿ ‘ಇಂಪ್ರಿಂಟಿಂಗ್’ ಎಂದು ಕರೆದರು. ಮನುಷ್ಯರ ಕೆಲವು ಅನುವಂಶೀಯ ಕಾಯಿಲೆಗಳನ್ನು ವಿವರಿಸಲು ಇಂದು ವೈದ್ಯರು ಬಳಸುವ ಮಾತೂ ಅದೇ.

ಮಣ್ಣಿನೊಳಗಿನ ಹುಳುವಿಗೆ ಮುಖ್ಯ ಆಹಾರ ಬೂಷ್ಟು, ಪಾಚಿ, ಕೊಳೆಯುತ್ತಿರುವ ಎಲೆ ಕಡ್ಡಿ. ಅವು ಸಾಲದಾದಾಗ, ಅಥವಾ ಹುಳುಗಳ ಸಂಖ್ಯೆ ಮಿತಿಮೀರಿದಾಗ, ಎಳೆಯ ಬೇರುಗಳ ರೋಮಗಳಿಗೆ ಬಾಯಿ ಹಾಕುತ್ತವೆ. ಬಲಿತ ಸ್ನೇಕ್ ಪ್ಲಾಂಟು, ರಬ್ಬರ್ ಗಿಡ ಇದನ್ನು ಲೆಕ್ಕಿಸುವುದಿಲ್ಲ. ಪೆಟ್ಟು ಬೀಳುವುದು ಸಸಿಗಳಿಗೆ, ಹೊಸದಾಗಿ ನೆಟ್ಟ ಕಡ್ಡಿಗಳಿಗೆ, ಕಿಟಕಿಯ ಬದಿ ಬಿತ್ತಿದ ಕೊತ್ತಂಬರಿ, ಮೆಂತ್ಯದ ಎಳೆ ಮೊಳಕೆಗಳಿಗೆ. ಬೇರಿನ ಗಾಯದ ಮೂಲಕ ಪಿಥಿಯಂ, ಫ್ಯುಸೇರಿಯಂನಂಥ ಕೊಳೆರೋಗ ತರುವ ರೋಗಾಣುಗಳು ಒಳನುಗ್ಗುತ್ತವೆ. ಅವನ್ನು ಕುಂಡದಿಂದ ಕುಂಡಕ್ಕೆ ಒಯ್ಯುವ ಕೆಲಸವನ್ನೂ ಈ ಕೀಟ ಮಾಡುತ್ತದೆ. ನಿನ್ನೆ ನೆಟ್ಟಗಿದ್ದ ಸಸಿ ಇಂದು ಬುಡದಲ್ಲಿ ಮೆತ್ತಗಾಗಿ ಮಲಗಿದ್ದರೆ ಮಣ್ಣನ್ನು ಕೆದಕಿ ನೋಡುವುದು ಒಳ್ಳೆಯದು. ಅಣಬೆ ಬೆಳೆಯುವವರಿಗೂ ಇದೇ ಬಳಗದ ನೊಣಗಳು ದೊಡ್ಡ ತಲೆನೋವು. ಕೊಯ್ಲು ಮುಗಿದ ಅಣಬೆ ಚೀಲದ ಹುಲ್ಲನ್ನು ಗೊಬ್ಬರವೆಂದು ನೇರವಾಗಿ ಮನೆಯೊಳಗಿನ ಕುಂಡಕ್ಕೆ ಹಾಕಬಾರದು.

ಕೀಟ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ನರ್ಸರಿಯಿಂದ ತಂದ ಗಿಡದ ಮಣ್ಣಿನಲ್ಲಿ, ಬಾಯಿ ತೆರೆದಿಟ್ಟ ಪಾಟಿಂಗ್ ಮಿಕ್ಸ್ ಚೀಲದಲ್ಲಿ, ತೆರೆದ ಕಿಟಕಿಯಲ್ಲಿ, ಎಲ್ಲಿಂದಲಾದರೂ ಬರಬಹುದು. ಲಾಲ್‌ಬಾಗಿನ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಬೀಳುವುದು ಆಗಸ್ಟಿನಲ್ಲಿ, ಸರಿಯಾಗಿ ಮೋಡ ಮುಸುಕಿ ಮಣ್ಣು ಒಣಗದ ಕಾಲದಲ್ಲಿ. ಆ ದಿನಗಳಲ್ಲಿ ಕೈತುಂಬ ಗಿಡ ತಂದವರು ಅವನ್ನು ಹಳೆಯ ಗಿಡಗಳ ಜೊತೆ ಸೇರಿಸುವ ಮುನ್ನ ಎರಡು ಮೂರು ವಾರ ಬೇರೆ ಇಟ್ಟರೆ ಸಾಕು, ಅರ್ಧ ತೊಂದರೆ ಬಾಗಿಲಲ್ಲೇ ನಿಲ್ಲುತ್ತದೆ. ಆದರೆ ನನಗೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾಕೆ ಉಳಿಯಿತು ಎಂಬ ಪ್ರಶ್ನೆ ಮುಖ್ಯ. ಉಳಿಯುವುದು ಮೇಲ್ಮಣ್ಣು ಸದಾ ಒದ್ದೆಯಾಗಿರುವುದರಿಂದ. ಒಣ ಮಣ್ಣಿನ ಮೇಲೆ ಹೆಣ್ಣು ನೊಣ ಮೊಟ್ಟೆ ಇಡಲು ಇಷ್ಟಪಡುವುದಿಲ್ಲ. ಇಟ್ಟರೂ ಮೊಟ್ಟೆ, ಎಳೆ ಹುಳು ಒಣಗಿ ಸಾಯುತ್ತವೆ.

ನಮ್ಮ ಮನೆಗಳಲ್ಲಿ ಮಣ್ಣು ಒಣಗದಿರಲು ಕಾರಣಗಳಿವೆ. ಒಂದು, ಕೋಕೋಪೀಟ್. ತೆಂಗಿನ ನಾರಿನ ಈ ಪುಡಿ ಹಗುರ, ಅಗ್ಗ, ಬಾಲ್ಕನಿಯ ಮೇಲೆ ಭಾರ ಹಾಕುವುದಿಲ್ಲ. ಆದರೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಪದರ ತಿಳಿಗಂದು ಬಣ್ಣಕ್ಕೆ ತಿರುಗಿ ಒಣಗಿದಂತೆ ಕಂಡಾಗಲೂ ಬೆರಳು ಇಳಿಸಿದರೆ ಒಳಗೆ ಹಿಂಡಿದರೆ ನೀರು ಬರುವಷ್ಟು ಹಸಿ. ಬಯಲಿನ ತೋಟಕ್ಕೆ ವರವಾದ ಈ ಗುಣ, ಬಿಸಿಲು ಕಾಣದ ಹಾಲಿನ ಮೂಲೆಯಲ್ಲಿ ಬೇರಿಗೂ ಒಳ್ಳೆಯದಲ್ಲ. ನಡುಮನೆಯ ಗಿಡಕ್ಕೆ ಕೋಕೋಪೀಟನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾಕಬೇಡಿ. ಉಳಿದದ್ದಕ್ಕೆ ದಪ್ಪ ಮರಳು, ಪರ್ಲೈಟ್, ಇದ್ದಿಲಿನ ಚೂರು, ಚೆನ್ನಾಗಿ ಮಾಗಿದ ಗೊಬ್ಬರ, ಒಂದಿಷ್ಟು ಕೆಮ್ಮಣ್ಣು ಇರಲಿ. ಇನ್ನೊಂದು, ತಳದಲ್ಲಿ ತೂತಿಲ್ಲದ ಚೆಂದದ ಪಿಂಗಾಣಿ ಕುಂಡಗಳು. ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲೇ ಬಿಟ್ಟು ಪಿಂಗಾಣಿಯನ್ನು ಹೊರ ಅಂಗಿಯಂತೆ ಮಾತ್ರ ಬಳಸಿ, ನೀರು ಹಾಕಿದ ಅರ್ಧ ಗಂಟೆಯ ಮೇಲೆ ತಳದಲ್ಲಿ ನಿಂತದ್ದನ್ನು ಚೆಲ್ಲಿಬಿಡಬೇಕು.

ಇವೆರಡಕ್ಕಿಂತ ದೊಡ್ಡ ಕಾರಣ ನಮ್ಮ ಪ್ರೀತಿ. ಬೆಳಗೆದ್ದು ಗಿಡಕ್ಕೆ ನೀರು ಹಾಕುವುದು ನಮ್ಮಲ್ಲಿ ಮನೆಯ ಹಿರಿಯರು ಕಲಿಸಿದ ಅಭ್ಯಾಸ. ಅಂಗಳವಿದ್ದ ಕಾಲದಲ್ಲಿ, ಬಿಸಿಲಿಗೆ ಬಿದ್ದ ದಾಸವಾಳ, ಮಲ್ಲಿಗೆ, ಕರಿಬೇವಿಗೆ ಅದು ಸರಿಯಾಗಿಯೇ ಇತ್ತು. ಈಗ ಅಂಗಳ ಮೂರನೇ ಮಹಡಿಯ ಹಾಲಿಗೆ ಬಂದಿದೆ, ಚೊಂಬು ಮಾತ್ರ ಹಿಂದಿನದೇ. ಊರಿಂದ ಬಂದ ತಾಯಿಯೊಬ್ಬರು ಸೊಸೆಯ ಗಿಡಗಳನ್ನು ನೋಡಿ ‘ಪಾಪ, ಒಣಗಿದ ಹಾಗಿದೆ’ ಎಂದು ದಿನವೂ ಒಂದು ಲೋಟ ನೀರೆರೆದರೆ ಅದು ಅಕ್ಕರೆ. ಅದನ್ನು ತಪ್ಪೆಂದು ಮುಖಕ್ಕೆ ಹೇಳುವುದು ಕಷ್ಟ. ಆದರೆ ಜೀಜೀ ಪ್ಲಾಂಟಿನ ಬುಡದಲ್ಲಿ ಗೆಡ್ಡೆಗಳಿವೆ, ಸ್ನೇಕ್ ಪ್ಲಾಂಟಿನ ಎಲೆಯೊಳಗೇ ನೀರಿನ ಸಂಗ್ರಹವಿದೆ. ಮಳೆಗಾಲದಲ್ಲಿ ಇವಕ್ಕೆ ಎರಡು ಮೂರು ವಾರ ನೀರಿಲ್ಲದಿದ್ದರೂ ನಡೆಯುತ್ತದೆ. ಮನಿ ಪ್ಲಾಂಟು ಎಲೆ ತುಸು ಮೆತ್ತಗೆ ಮಾಡಿ, ಪೀಸ್ ಲಿಲಿ ಪೂರ್ತಿ ಬಾಗಿ ಬಾಯಾರಿಕೆಯನ್ನು ತಾವೇ ಹೇಳುತ್ತವೆ. ನೀರುಂಡ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆ ತಾಯಿಗೆ ಇದನ್ನು ತೋರಿಸಿಕೊಟ್ಟು, ‘ಬೆರಳಿನ ಎರಡು ಗೆಣ್ಣು ಒಳಗಿಳಿಸಿ, ಮಣ್ಣು ಅಂಟದಿದ್ದರೆ ಮಾತ್ರ ನೀರು ಹಾಕಿ’ ಎಂದು ಆ ಜವಾಬ್ದಾರಿಯನ್ನೇ ಅವರಿಗೆ ಒಪ್ಪಿಸುವುದು ನನ್ನ ಸಲಹೆ. ಮಣ್ಣನ್ನು ಮುಟ್ಟಿ ತಿಳಿಯುವ ಕೈ ಅವರದೇ ಹೆಚ್ಚು ಪಳಗಿದ್ದು.

ತುಳಸಿಯ ವಿಷಯ ಬೇರೆ. ಪೂಜೆಗೆ ದಿನವೂ ನೀರೆರೆಯಬೇಕು. ಬಿಸಿಲಿರುವ ಬಾಲ್ಕನಿಯಲ್ಲಿ ತುಳಸಿ ಆ ನೀರನ್ನು ಕುಡಿದು ಮುಗಿಸುತ್ತದೆ. ದೇವರಮನೆಯ ಒಳಗೆ ಇಟ್ಟಿದ್ದರೆ ಉದ್ಧರಣೆಯಲ್ಲಿ ಒಂದೇ ಒಂದು ಸಲ ಎರೆದರೆ ಸಾಕು. ಬುಡದಲ್ಲಿ ಬಿದ್ದ ಹೂವು, ಅಕ್ಷತೆ, ಅರಿಶಿನ ಕುಂಕುಮ ಸೇರಿ ಬೂಷ್ಟು ಹಿಡಿಯದಂತೆ ಸಂಜೆ ತೆಗೆದುಬಿಡಬೇಕು.

ಅಡುಗೆಮನೆಯಿಂದ ಗಿಡಕ್ಕೆ ಹೋಗುವ ಉಳಿದ ಉಪಚಾರಗಳ ಬಗ್ಗೆಯೂ ಇದೇ ಮಾತು. ಅಕ್ಕಿ ತೊಳೆದ ನೀರು, ಚಹಾದ ಚರಟ, ನೆನೆಸಿದ ಕಡಲೆಹಿಂಡಿ, ಅರ್ಧ ಕೊಳೆತ ಮನೆಗೊಬ್ಬರ: ಇವು ಬಯಲಿನಲ್ಲಿ ಮಣ್ಣಿಗೆ ಬಲ ಕೊಡುತ್ತವೆ, ನೆರಳಿನ ಕುಂಡದಲ್ಲಿ ಬೂಷ್ಟನ್ನು ಸಾಕುತ್ತವೆ. ಬೂಷ್ಟು ಬೆಳೆದಲ್ಲಿ ಅದನ್ನು ತಿನ್ನುವವರು ಬರುತ್ತಾರೆ. ಬೇವಿನ ಹಿಂಡಿಯೂ ಮಣ್ಣಿನ ಮೇಲೆ ಒದ್ದೆಯಾಗಿ ಬಿದ್ದುಕೊಂಡರೆ ಬಿಳಿಯ ಬೂಷ್ಟು ಹಿಡಿಯುವುದನ್ನು ನೀವು ನೋಡಿರಬಹುದು. ಒಳಗಿಡುವ ಗಿಡಗಳಿಗೆ ಚೆನ್ನಾಗಿ ಮಾಗಿ ಮಣ್ಣಿನ ವಾಸನೆ ಬರುವ ಎರೆಗೊಬ್ಬರ ಮಾತ್ರ ಸಾಕು, ಅದನ್ನೂ ಮಣ್ಣಿನೊಳಗೆ ಬೆರೆಸಬೇಕು.

ಹೀಗೆ ನೀರು ತಗ್ಗಿಸಿದರೆ ಹೊಸ ಮೊಟ್ಟೆಗಳು ಕಡಿಮೆಯಾಗುತ್ತವೆ. ಆದರೆ ಈಗಾಗಲೇ ಮಣ್ಣಿನೊಳಗಿರುವ ಹುಳುಗಳು ತೇವ ಅರಸಿ ಕೆಳಗಿಳಿಯುತ್ತವೆ, ಬೇಗ ಸಾಯುವುದಿಲ್ಲ. ಅವಕ್ಕೆ ಬೇರೆ ಮದ್ದು ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಬಿಟಿಐ ಎಂದು ಚಿಕ್ಕದಾಗಿ ಕರೆಯುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಸೊಳ್ಳೆ ಮರಿಗಳು ಸತ್ತು ತೇಲುತ್ತಿದ್ದ ಒಂದು ಸಣ್ಣ ಹೊಂಡದಲ್ಲಿ ಇದು ಸಿಕ್ಕಿತು. ಇದು ತನ್ನೊಳಗೆ ಒಂದು ಪ್ರೊಟೀನಿನ ಹರಳನ್ನು ಕಟ್ಟಿಕೊಂಡಿರುತ್ತದೆ. ಹುಳು ಅದನ್ನು ನುಂಗಿದಾಗ ಕರುಳಿನ ಕ್ಷಾರ ಗುಣಕ್ಕೆ ಹರಳು ಕರಗಿ, ವಿಷವಾಗಿ, ಕರುಳಿನ ಗೋಡೆಯನ್ನೇ ಒಡೆಯುತ್ತದೆ. ಸೊಳ್ಳೆ ಮತ್ತು ಅದರ ಹತ್ತಿರದ ನೆಂಟರಿಗೆ ಮಾತ್ರ ಈ ವಿಷ ತಾಗುತ್ತದೆ. ಮನುಷ್ಯರಿಗೆ, ನಾಯಿ ಬೆಕ್ಕಿಗೆ, ಜೇನಿಗೆ ತೊಂದರೆಯಿಲ್ಲ. ಸೊಳ್ಳೆ ನಿಯಂತ್ರಣಕ್ಕೆಂದು ನಮ್ಮಲ್ಲಿ ಇದು ಪುಡಿ ಮತ್ತು ದ್ರವ ರೂಪದಲ್ಲಿ ಮಾರಾಟಕ್ಕಿದೆ. ನೀರಿನಲ್ಲಿ ಕಲಸಿ, ಗಿಡಕ್ಕೆ ಹೇಗೂ ನೀರು ಬೇಕಾದ ದಿನವೇ ಮೇಲಿನಿಂದ ಹಾಕಿ. ಕುಂಡದಲ್ಲಿ ಇದು ವೃದ್ಧಿಯಾಗಿ ಉಳಿದುಕೊಳ್ಳುವುದಿಲ್ಲ, ಆದ್ದರಿಂದ ಒಂದು ಸಲ ಹಾಕಿ ಸುಮ್ಮನಾಗುವಂತಿಲ್ಲ. ಮಣ್ಣು ಕೇಳಿದಾಗಲೆಲ್ಲ, ಎರಡು ಪೀಳಿಗೆ ಮುಗಿಯುವವರೆಗೆ, ಇದೇ ನೀರನ್ನು ಕೊಡಬೇಕು.

ಇಲ್ಲಿ ಒಂದು ಎಚ್ಚರ. ಕೃಷಿ ಅಂಗಡಿಯಲ್ಲಿ ಬಿಟಿ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಕುರ್ಸ್ಟಾಕಿ ಎಂಬ ಬೇರೆ ಉಪಜಾತಿ. ಅದು ಎಲೆಕೋಸಿನ ಕಂಬಳಿಹುಳುಗಳಂಥ ಪತಂಗದ ಮರಿಗಳಿಗೆ ಮಾಡಿದ್ದು. ಫಂಗಸ್ ನ್ಯಾಟಿಗೆ ಏನೂ ಮಾಡದು. ಪತಂಗದ ಮರಿಯನ್ನು ಕೊಲ್ಲುವುದೆಂದರೆ ರೇಷ್ಮೆಹುಳುವನ್ನೂ ಕೊಲ್ಲುತ್ತದೆ ಎಂದೇ ಅರ್ಥ. ಬಿಟಿ ಬ್ಯಾಕ್ಟೀರಿಯಾವನ್ನು ಮೊದಲು, 1901ರಲ್ಲಿ, ಜಪಾನಿನಲ್ಲಿ ಗುರುತಿಸಿದ್ದೇ ರೇಷ್ಮೆಹುಳುವಿನ ರೋಗಕಾರಕವಾಗಿ. ಹಿಪ್ಪುನೇರಳೆ ತೋಟ, ಹುಳುಮನೆ ಇರುವ ರಾಮನಗರ, ಚಿಕ್ಕಬಳ್ಳಾಪುರದ ಕಡೆಯವರು ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿಯೇ ಕೊಳ್ಳಬೇಕು.

ಹಾರುವ ನೊಣಗಳಿಗೆ ಹಳದಿ ಅಂಟುಕಾರ್ಡು. ಹಳದಿ ಬಣ್ಣ ಇವನ್ನು ಎಳೆಯುತ್ತದೆ. ಕಾರ್ಡನ್ನು ಮಣ್ಣಿಗೆ ಆದಷ್ಟು ಹತ್ತಿರ ನೆಡಬೇಕು, ಇವು ಎತ್ತರಕ್ಕೆ ಹಾರುವುದು ಕಡಿಮೆ. ಕಾರ್ಡಿನಿಂದಲೇ ಕಾಟ ಮುಗಿಯದು. ಮೊಟ್ಟೆ ಇಡುವವರ ಸಂಖ್ಯೆ ತಗ್ಗುತ್ತದೆ, ನಿಮ್ಮ ಉಪಾಯ ಫಲಿಸುತ್ತಿದೆಯೇ ಎಂಬ ಲೆಕ್ಕ ಸಿಗುತ್ತದೆ. ಪ್ರತಿ ಕಾರ್ಡಿನ ಹಿಂದೆ ತಾರೀಖು ಬರೆಯಿರಿ. ವಿನೆಗರ್ ಬಟ್ಟಲು ಹಣ್ಣಿನ ನೊಣಕ್ಕೆ ಸರಿ, ಇದಕ್ಕೆ ಅಷ್ಟು ಹಿಡಿಸದು.

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಗಾಣದ ಎಣ್ಣೆಯಲ್ಲಿ ಅದು ಎಷ್ಟಿದೆಯೆಂದು ಹೇಳಲಾಗದು. 1500 ಪಿಪಿಎಂ, 10000 ಪಿಪಿಎಂ ಎಂದು ಪ್ರಮಾಣ ನಮೂದಿಸಿದ ಬಾಟಲಿ ಕೊಂಡು ಅದರಲ್ಲಿ ಹೇಳಿದ ಅಳತೆಯಲ್ಲೇ ಬಳಸಿದರೆ ಫಲ ಕಾಣುತ್ತದೆ. ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸಿ ಹಾಕಿದರೆ ನೊರೆಯುಕ್ಕಿ, ತಾಗಿದ ಹುಳು ಸಾಯುತ್ತದೆ. ಮಣ್ಣಿನ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಅದಕ್ಕೇ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ದಾಲ್ಚಿನ್ನಿ, ಅರಿಶಿನದ ಪುಡಿ ಮೇಲ್ಮೈಯಲ್ಲೇ ಉಳಿಯುತ್ತವೆ, ಹುಳು ಇರುವ ಆಳ ತಲುಪುವುದಿಲ್ಲ. ಮರಳು ಹೊದಿಸುವುದು ತಕ್ಕಮಟ್ಟಿಗೆ ಸರಿ. ಆದರೆ ಪದರ ತೆಳ್ಳಗಿದ್ದರೆ ಪ್ರಯೋಜನವಿಲ್ಲ, ತಳದ ತೂತಿನಿಂದಲೂ ನೊಣ ಹೊರಬರಬಲ್ಲದು.

ಒಂದು ವಿಷಯದಲ್ಲಿ ಮಾತ್ರ ನನಗೆ ಯಾವ ರಾಜಿಯೂ ಇಲ್ಲ. ಕೆಲವರು ಒಂದು ಚಿಟಿಕೆ ಫ್ಯೂರಡಾನ್ ಕಾಳು ಬುಡಕ್ಕೆ ಹಾಕಿ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಅದರಲ್ಲಿರುವುದು ಕಾರ್ಬೊಫ್ಯೂರಾನ್, ನರಮಂಡಲಕ್ಕೆ ಹೊಡೆಯುವ ಉಗ್ರ ವಿಷ. ಅಂಬೆಗಾಲಿಡುವ ಮಗು ಮಣ್ಣಿಗೆ ಕೈ ಹಾಕುವ ಮನೆಯಲ್ಲಿ, ಬೆಕ್ಕು ಕುಂಡ ಕೆದಕುವ ಮನೆಯಲ್ಲಿ, ಕಚ್ಚದ ಒಂದು ನೊಣಕ್ಕಾಗಿ ಅದನ್ನು ತರುವುದನ್ನು ನಾನು ಒಪ್ಪಲಾರೆ.

ಬಾಡಿದರೆ ಸಹಿಸದ ಜರೀಗಿಡಗಳಿಗೆ, ಸಸಿ ತಟ್ಟೆಗಳಿಗೆ ಕೆಳಗಿನಿಂದ ನೀರುಣಿಸುವುದು ಉತ್ತಮ. ತಟ್ಟೆಯಲ್ಲಿ ನೀರಿಟ್ಟು, ಕುಂಡವನ್ನು ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಎತ್ತಿ ಸೋರಲು ಬಿಡಿ. ಬೇರಿಗೆ ನೀರು ಸಿಗುತ್ತದೆ, ಮೇಲ್ಭಾಗ ಒಣಗಿರುತ್ತದೆ. ಬೋರ್‌ವೆಲ್ ನೀರಾದರೆ ಉಪ್ಪು ಮೇಲೆ ಕಟ್ಟುತ್ತದೆ, ತಿಂಗಳಿಗೊಮ್ಮೆ ಮೇಲಿನಿಂದ ಧಾರಾಳವಾಗಿ ಹಾಕಿ ತೊಳೆಯಬೇಕು.

ಹೊರದೇಶದ ಕನ್ನಡಿಗರಿಗೆ ಈ ಕಾಟ ಬರುವುದು ಚಳಿಗಾಲದಲ್ಲಿ. ನ್ಯೂಜೆರ್ಸಿಯಲ್ಲೋ ಮಿಷಿಗನ್ನಿನಲ್ಲೋ ಬೇಸಿಗೆಯೆಲ್ಲ ಹೊರಗೆ ಬೆಳೆದ ಕರಿಬೇವನ್ನು ಹಿಮ ಬೀಳುವ ಮುನ್ನ ಒಳತರುತ್ತಾರೆ, ಮಣ್ಣಿನೊಂದಿಗೆ ಮೊಟ್ಟೆಗಳೂ ಬರುತ್ತವೆ. ಬೆಳಕು ಕಡಿಮೆಯಾದಾಗ ಕರಿಬೇವು ಎಲೆ ಉದುರಿಸಿ ನಿದ್ದೆಗೆ ಜಾರುತ್ತದೆ, ನೀರು ಕುಡಿಯುವುದಿಲ್ಲ. ಎಲೆ ಉದುರಿದ್ದನ್ನು ಕಂಡು ಇನ್ನಷ್ಟು ನೀರೆರೆದರೆ ಬೇರು ಕೊಳೆಯುತ್ತದೆ, ನೊಣ ಹೆಚ್ಚುತ್ತದೆ. ಅಷ್ಟು ಜೋಪಾನ ಮಾಡಿದ ಗಿಡ ಹೀಗೆ ಹೋದರೆ ಆಗುವ ಸಂಕಟ ಅಲ್ಲಿರುವವರಿಗೇ ಗೊತ್ತು. ಬಿಟಿಐ ಕಾಳುಗಳು ಅಲ್ಲಿ ತೋಟದ ಅಂಗಡಿಗಳಲ್ಲಿ ಸಿಗುತ್ತವೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಸೋಸಿದ ನೀರನ್ನು ಹಾಕಬೇಕು. ಸ್ಟೈನರ್ನೀಮಾ ಫೆಲ್ಟಿಯೆ ಎಂಬ, ಹುಳುವಿನ ಮೈಹೊಕ್ಕು ಕೊಲ್ಲುವ ಸೂಕ್ಷ್ಮ ಜಂತುಗಳನ್ನೂ ತರಿಸಿಕೊಳ್ಳಬಹುದು. ಅವು ಚಳಿಯಲ್ಲೂ ಕೆಲಸ ಮಾಡುತ್ತವೆ.

ಬಿಟಿಐ ನೀರು ಕೊಡಬೇಕೆಂದು ಹೇಳಿದ ಆ ಎರಡು ಪೀಳಿಗೆ ಎಂದರೆ ಐದಾರು ವಾರ. ಮೊದಲ ಹದಿನೈದು ದಿನ ಏನೂ ಬದಲಾಗದಂತೆ ಕಾಣುತ್ತದೆ, ಏಕೆಂದರೆ ಆಗ ಹಾರುತ್ತಿರುವವು ನೀವು ಶುರು ಮಾಡುವ ಮೊದಲೇ ಮಣ್ಣಿನಲ್ಲಿದ್ದವು. ಬಹಳ ಮಂದಿ ಕೈಬಿಡುವುದು ಇದೇ ಹೊತ್ತಿನಲ್ಲಿ. ಮೂರನೆಯ ವಾರದ ಹಳದಿ ಕಾರ್ಡನ್ನು ಮೊದಲನೆಯದರ ಪಕ್ಕ ಹಿಡಿದು ನೋಡಿ, ಚುಕ್ಕೆಗಳು ತೆಳುವಾಗಿರುತ್ತವೆ. ಆರನೆಯ ವಾರದಲ್ಲೂ ಒಂದು ಕುಂಡದ ಸುತ್ತ ಮಾತ್ರ ನೊಣ ಏಳುತ್ತಿದ್ದರೆ ಆ ಮಣ್ಣನ್ನೇ ಬಿಡಬೇಕು. ಗಿಡವನ್ನು ಕಿತ್ತು, ಬೇರು ತೊಳೆದು, ಕೊಳೆತ ಭಾಗ ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಹಳೆಯದನ್ನು ಮನೆಯ ಕಾಂಪೋಸ್ಟ್ ಡಬ್ಬಿಗೆ ಸುರಿಯದೆ, ಬಿಸಿಲು ಬಂದ ದಿನ ತಾರಸಿಯ ಮೇಲೆ ತೆಳ್ಳಗೆ ಹರಡಿ ಪೂರ್ತಿ ಒಣಗಿಸಿದರೆ ಅದು ಹೊರಗಿನ ಗಿಡಗಳಿಗೆ ಮತ್ತೆ ಬಳಕೆಗೆ ಬರುತ್ತದೆ.